ಗೇಟಿನ ಅರಾಸೆಲಿ ಸೇತುವೆ ದಾಟಿದ್ದು

ಎಪ್ಪತ್ತೈದು ದಾಟಿದ ಹೆಂಗಸೊಬ್ಬಳು ಸೈಕಲ್ ಕಲಿಯಲು ಹೊರಟರೆ ಊರು ಏನೇನು ಅನ್ನಬಹುದೋ ಅದನ್ನೆಲ್ಲ ನಮ್ಮೂರು ಅರಾಸೆಲಿಗೆ ಅಂದಿತು. ಚರ್ಚಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುವ ಮುದುಕಿಯರು ಮೂಗು ಮುರಿದರು. ರೊಟ್ಟಿ ಅಂಗಡಿಯವಳು, "ಮಂಡಿಚಿಪ್ಪು ಒಡ್ಕೊಂಡು ಬರ್ತಾಳೆ, ನೋಡ್ತಿರಿ" ಎಂದು ಭವಿಷ್ಯ ನುಡಿದಳು. ಗಂಡ ಗಾಸ್ಪಾರ್ ಸತ್ತಂದಿನಿಂದ ಕಪ್ಪು ಬಿಟ್ಟು ಬೇರೆ ಬಣ್ಣ ಮೈಮೇಲೆ ಹಾಕದವಳು ಆ ಕಪ್ಪು ಲಂಗವನ್ನೇ ಮೇಲೆತ್ತಿ ಸಿಕ್ಕಿಸಿಕೊಂಡು, ಹಳೇ ಸ್ಟೇಷನ್ನಿನ ಅಂಗಳದಲ್ಲಿ ಮೂರು ಚಕ್ರದ ಸೈಕಲ್ ಮೇಲೆ ಸುತ್ತು ಹೊಡೆಯುವುದೆಂದರೆ ಸುಮ್ಮನೆಯೇ? ನಮ್ಮ ಜನಕ್ಕೆ ನಗಲು ಏನಾದರೊಂದು ಬೇಕು. ಆ ವಸಂತದಲ್ಲಿ ಇದು ಸಿಕ್ಕಿತು.

ಸ್ಟೇಷನ್ ಅಂದೆ, ಆದರೆ ಅಲ್ಲಿ ರೈಲು ನಿಂತು ಯಾವ ಕಾಲವಾಯಿತು! ಆಲಿವ್ ಎಣ್ಣೆಯ ಟ್ಯಾಂಕುಗಳನ್ನು ಎಳೆದುಕೊಂಡು ಹೋಗುತ್ತಿದ್ದ ಗಾಡಿಗಳು ನಿಂತವು, ಹಳಿ ಕಿತ್ತು ಗುಜರಿಗೆ ಹೋಯಿತು, ಸ್ಲೀಪರುಗಳು ಪಟ್ಟಣದ ಸಾಹುಕಾರರ ತೋಟದ ಮೆಟ್ಟಿಲಾದವು. ಎಷ್ಟೋ ವರ್ಷ ಮುಳ್ಳು ಬೆಳೆದು ಹಾಳು ಬಿದ್ದಿದ್ದ ದಾರಿಯನ್ನು ಸರ್ಕಾರದವರು ಈಚೆಗೆ ಸಮ ಮಾಡಿ, ಮಣ್ಣು ಹಾಸಿ ದಮ್ಮಸು ಮಾಡಿ, ಸೈಕಲ್ಲಿನವರಿಗೆಂದು ಬಿಟ್ಟುಕೊಟ್ಟರು. ಫಲಕದ ಮೇಲೆ 'ಹಸಿರು ದಾರಿ' ಎಂದು ಬರೆದಿದೆ. ನಾವು ಈಗಲೂ 'ಲೈನು' ಎಂದೇ ಕರೆಯುತ್ತೇವೆ. ರೈಲಿಗೆ ಏರು ಹತ್ತಲು ಬಾರದು, ಹಾಗಾಗಿ ಗುಡ್ಡಗಾಡಿನಲ್ಲೂ ಆ ದಾರಿ ಸಪಾಟು. ಭಾನುವಾರ ಬಂತೆಂದರೆ ಕೊರ್ದೊಬ ಪಟ್ಟಣದಿಂದ ಗಂಡ, ಹೆಂಡತಿ, ಮಕ್ಕಳು, ಹೆಲ್ಮೆಟ್ಟು, ನೀರಿನ ಬಾಟಲಿ ಎಲ್ಲ ಬಂದಿಳಿಯುತ್ತವೆ. ಟಿಕೆಟ್ ಕಿಂಡಿಯಲ್ಲಿ ಕೂತ ಅಮಾದೋರ್ ಅವರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಾನೆ. ಅರಾಸೆಲಿಗೆ ಕಲಿಸುತ್ತಿದ್ದವನೂ ಅವನೇ.

"ಅಜ್ಜೀ, ಬ್ರೇಕು ಎರಡು ಕಡೇನೂ ಇದೆ. ಒಂದಕ್ಕೇ ಜೋತು ಬೀಳಬೇಡಿ!"

"ಇನ್ನೊಂದ್ಸಲ ಅಜ್ಜಿ ಅಂದ್ರೆ ಮೂರೂ ಚಕ್ರ ನಿನ್ನ ಕಾಲ್ಮೇಲೆ ಹತ್ತಿಸ್ತೀನಿ ನೋಡು."

"ಮತ್ತೇನಂತ ಕರೀಲಿ?"

"ಗೇಟಿನ ಅರಾಸೆಲಿ ಅನ್ನು. ನಿಮ್ಮಪ್ಪ ಹಂಗೇ ಕರೀತಿದ್ದ. ನಾನು ಸರಪಳಿ ಇಳಿಸೋ ತನಕ ಕತ್ತೆ ಹಿಡ್ಕೊಂಡು ಬಾಯ್ಮುಚ್ಕೊಂಡು ನಿಂತಿರ್ತಿದ್ದ ಪಾಪ."

ಅಮಾದೋರ್ ನಕ್ಕ. ಆಮೇಲೆ ಸೀಟಿನ ಬೋಲ್ಟು ಬಿಗಿಯುತ್ತ, "ಅಲ್ಲ ಅತ್ತೆ, ನಿಜ ಹೇಳಿ. ಎಲ್ಲಿಗೆ ಹೋಗ್ಬೇಕು ಅಂತ ಇಷ್ಟೆಲ್ಲ?" ಎಂದು ಕೇಳಿದ.

"ಸೇತುವೆ ಆಚೆ."

ಅವನಿಗೆ ಅಷ್ಟರಲ್ಲೇ ಅರ್ಥವಾಯಿತು. ಸೇತುವೆಯ ಆಚೆ ಲಾ ನಾವಾ ಊರಿನ ರೈಲ್ವೆ ಗೇಟಿನ ಮನೆ, ಆ ಮನೆಯಲ್ಲಿ ಅವಳ ತಂಗಿ ಸಿಯೆರ್ರಾ. ಇಬ್ಬರಿಗೂ ಮಾತು ಬಿಟ್ಟು ನಲವತ್ತು ವರ್ಷ ದಾಟಿದೆ ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಸಿಯೆರ್ರಾಳಿಗೆ ಎದೆ ಸರಿಯಿಲ್ಲ, ಒಂಟಿಯಾಗಿ ಇರಕೂಡದು ಎಂದು ಡಾಕ್ಟರು ಗದರಿದ್ದಾರೆ, ಅವಳು ಕೇಳುತ್ತಿಲ್ಲ ಎಂಬ ಸುದ್ದಿಯೂ ಆ ಚಳಿಗಾಲದಲ್ಲಿ ರೊಟ್ಟಿ ಅಂಗಡಿಗೆ ಬಂದಿತ್ತು. ಅರಾಸೆಲಿ ಅದನ್ನು ಕೇಳಿ ರೊಟ್ಟಿ ತೆಗೆದುಕೊಳ್ಳದೆ ವಾಪಸು ಬಂದಿದ್ದಳು. ತಂಗಿ ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ ಎದುರು ನಿಂತು, ಆ ದಿನ ತಾನು ಯಾಕೆ ಬರಲಿಲ್ಲ ಎಂದು ಹೇಳಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮಂಡಿ ನೋವಿಗೆ ಅಷ್ಟು ದೂರ ನಡೆಯಲಾಗದು, ಅದಕ್ಕೆ ಸೈಕಲ್ಲು.

ಈ ಇಬ್ಬರೂ ರೈಲ್ವೆ ಗೇಟಿನಲ್ಲೇ ಹುಟ್ಟಿದವರು. ತಾಯಿ ಗ್ರೆಗೋರಿಯಾ ಕೆಳಗಿನ ಕಣಿವೆಯ ಗೇಟು ಕಾಯುತ್ತಿದ್ದಳು. ಒಂದು ದಿನ ಒಲೆಯ ಮೇಲೆ ಬೇಳೆ ತಳ ಹಿಡಿಯುವ ವಾಸನೆ ಬಂತೆಂದು ಒಳಗೆ ಹೋಗಿ, ಸೌಟಿನಲ್ಲಿ ಒಂದು ಸುತ್ತು ತಿರುಗಿಸಿ ಬರುವಷ್ಟರಲ್ಲಿ ಹೇಸರಗತ್ತೆಯವನೊಬ್ಬ ತೆರೆದಿದ್ದ ಗೇಟಿನಲ್ಲಿ ಹಳಿ ದಾಟಲು ಹೋಗಿ ರೈಲಿನ ಕೆಳಗಾದ. ಆಮೇಲೆ ಠಾಣೆ, ಕೋರ್ಟು, ಊರಿನವರ ಬಾಯಿ. ಕೆಲಸ ಹೋಯಿತು, ಮನೆ ಹೋಯಿತು. ಅವಳು ಮತ್ತೆಂದೂ ಬೇಳೆ ಬೇಯಿಸಲಿಲ್ಲ. ಹೆಣ್ಣುಮಕ್ಕಳಿಬ್ಬರೂ ಹಳಿ ರಿಪೇರಿಯ ಗ್ಯಾಂಗಿನವರನ್ನೇ ಮದುವೆಯಾಗಿ ಒಬ್ಬೊಬ್ಬಳಿಗೆ ಒಂದೊಂದು ಗೇಟು ಬಂದಾಗ ಅವಳು ಇಬ್ಬರ ಕೈಯನ್ನೂ ತನ್ನ ತಲೆಯ ಮೇಲಿಡಿಸಿಕೊಂಡಳು. "ಮನೆಗೆ ಬೆಂಕಿ ಬಿದ್ರೂ ಸರಿ, ಬರೋ ರೈಲು ದಾಟೋ ತನಕ ಗೇಟು ಬಿಟ್ಟು ಕದಲಬೇಡಿ" ಎಂದಳು. ಇಬ್ಬರೂ ಹೂಂ ಅಂದರು.

ಅರಾಸೆಲಿಗೆ ಅಂಜೂರದ ಗೇಟು, ಸಿಯೆರ್ರಾಳಿಗೆ ಲಾ ನಾವಾ. ನಡುವೆ ಒಂದು ಸುರಂಗ, ಆಮೇಲೆ ಹೊಳೆಯ ಮೇಲಿನ ಕಬ್ಬಿಣದ ಸೇತುವೆ. ಗೇಟು ಬಿಟ್ಟು ಹೋಗುವಂತಿಲ್ಲವಲ್ಲ, ಆದ್ದರಿಂದ ಅಕ್ಕತಂಗಿಯರ ಹೋಗುಬರುವಿಕೆ ಎಲ್ಲ ಮಾಲ್‌ಗಾಡಿಯ ಮೇಲೆ. ಗಾರ್ಡನ ಕೈಗೆ ಬುಟ್ಟಿ ಕೊಟ್ಟರೆ ಆ ಕಡೆ ಇಳಿಸುತ್ತಿದ್ದ. ಒಣ ಅಂಜೂರ, ಕೋಳಿಮೊಟ್ಟೆ, ಮೆಣಸಿನಕಾಯಿ ಹಾಕಿದ ಹಂದಿಮಾಂಸದ ಸಾಸೇಜು, ಜೊತೆಗೆ ಒಂದಿಷ್ಟು ಬೈಗುಳ. ಬೇಸಿಗೆಯಲ್ಲಿ ಆ ಗಾರ್ಡನ ಡಬ್ಬಿಯಲ್ಲೇ ಸಿಯೆರ್ರಾಳ ಮಗ ಇಸಿದ್ರೊ ಬಂದಿಳಿಯುತ್ತಿದ್ದ. ಅರಾಸೆಲಿಗೆ ಮಕ್ಕಳಾಗಲಿಲ್ಲ. ಹುಡುಗ ಬಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರೈಲು ಬರುವ ಹೊತ್ತಿಗೆ ಅವನು ಪೊರಕೆಯನ್ನು ಬಾವುಟದ ಹಾಗೆ ಹಿಡಿದು ಅವಳ ಪಕ್ಕದಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದ. ಡ್ರೈವರುಗಳು ಅವನಿಗೆಂದೇ ಇನ್ನೊಂದು ಸೀಟಿ ಊದುತ್ತಿದ್ದರು.

ಆ ಹುಡುಗ ಏಳು ತುಂಬುವ ಮೊದಲೇ ಮಿದುಳು ಜ್ವರ ಬಂದು ಹೋಗಿಬಿಟ್ಟ. ಅಯ್ಯೋ, ಬರೆಯುವುದಕ್ಕೂ ಕೈ ಬರುವುದಿಲ್ಲ. ರಾತ್ರಿ ತಲೆನೋವು ಅಂದವನು ಬೆಳಗ್ಗೆ ಇರಲಿಲ್ಲ. ನಮ್ಮಲ್ಲಿ ಹೆಣ ಇಟ್ಟುಕೊಳ್ಳುವುದಿಲ್ಲ, ಮರುದಿನ ಮಧ್ಯಾಹ್ನವೇ ಮಣ್ಣು. ಅರಾಸೆಲಿ ಕಪ್ಪು ಬಟ್ಟೆ ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಗೋಡೆಯ ಫೋನು ತಿರುಗಿಸಿ ಸ್ಟೇಷನ್ ಮಾಸ್ತರರನ್ನು ಕರೆದಳು. ಗಾಸ್ಪಾರ್ ಗ್ಯಾಂಗಿನೊಂದಿಗೆ ದೂರದ ಕೆಲಸಕ್ಕೆ ಹೋಗಿದ್ದ.

"ನನ್ನ ತಂಗಿ ಮಗ ತೀರ್ಕೊಂಡಿದಾನೆ ಸ್ವಾಮೀ. ಗೇಟಿಗೆ ಬದಲಿ ಆಳು ಕಳಿಸಿ."

"ಇದ್ದ ಒಬ್ಬನನ್ನ ನಿನ್ನ ತಂಗಿ ಗೇಟಿಗೇ ಹಾಕಿದೀನಲ್ಲಮ್ಮ. ಇನ್ನೆಲ್ಲಿಂದ ತರಲಿ? ಅದರ ಮೇಲೆ ಟ್ಯಾಂಕಿನ ಸ್ಪೆಷಲ್ ಒಂದು ಬರ್ತಿದೆ. ಹೊತ್ತು ಹೇಳಿಲ್ಲ. ಅದು ದಾಟೋ ತನಕ ಅಲ್ಲಾಡಬೇಡ."

ಅವಳು ಸರಪಳಿ ಹಾಕಿ, ಬಾವುಟ ಸುತ್ತಿ ಹಿಡಿದು ನಿಂತಳು. ಇದೊಂದು ಗಾಡಿ ದಾಟಿದರೆ ಹಳಿ ಹಿಡಿದು ಓಡಿಬಿಡುತ್ತೇನೆ ಎಂದು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಿದ್ದಳು. ಮಧ್ಯಾಹ್ನವಾಯಿತು. ಕಣಿವೆಯ ಆಚೆಯಿಂದ ಲಾ ನಾವಾದ ಚರ್ಚಿನ ಗಂಟೆ ಕೇಳಿಸಿತು. ಎಳೆಯರು ಸತ್ತಾಗ ಬಾರಿಸುವ ಸಣ್ಣ ಗಂಟೆ. ಅವಳು ಅಲ್ಲೇ ನಿಂತು ಅತ್ತಳು, ಅಳುತ್ತ ಹಳಿಯ ಕಡೆಯೇ ನೋಡಿದಳು. ಗಂಟೆ ನಿಂತಿತು. ಬಿಸಿಲು ಇಳಿಯಿತು. ಗಾಡಿ ಬರಲಿಲ್ಲ. ಬರುವುದೂ ಇರಲಿಲ್ಲ. ಎಲ್ಲೋ ಮೇಲಿನವರು ಅದನ್ನು ಬೆಳಗ್ಗೆಯೇ ರದ್ದು ಮಾಡಿದ್ದರು, ಗೇಟಿನ ಹೆಂಗಸರಿಗೆ ತಿಳಿಸಬೇಕು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಬಂದ ಗಾಸ್ಪಾರ್ ಅವಳ ಕೈಯಿಂದ ಬಾವುಟ ಬಿಡಿಸಿ ಒಳಗೆ ಕರೆದುಕೊಂಡು ಹೋದ.

ಮಾರನೆಯ ಬೆಳಗ್ಗೆ ಗಾಡಿಯವನೊಬ್ಬ ಸುದ್ದಿ ತಂದ. ಇಂಥವರಿಗೆ ಸುದ್ದಿ ತರುವುದೆಂದರೆ ಎಲ್ಲಿಲ್ಲದ ಉತ್ಸಾಹ. ಸ್ಮಶಾನದಲ್ಲಿ ಎಲ್ಲರ ಎದುರಿಗೆ ಸಿಯೆರ್ರಾ, "ನನ್ನ ಮಗನಿಗಿಂತ ಅವಳಿಗೆ ಯಾವುದೋ ರೈಲು ಹೆಚ್ಚಾಯ್ತು. ಇನ್ಮೇಲೆ ಅವಳ ಮುಖ ನಂಗೆ ತೋರಿಸಬೇಡಿ" ಎಂದಳಂತೆ. ಅರಾಸೆಲಿ ಸರಪಳಿ ಇಳಿಸಿ ಅವನಿಗೆ ದಾರಿ ಬಿಟ್ಟಳು. ನಾಚಿಕೆಯೋ, ದುಃಖವೋ, ಹೆದರಿಕೆಯೋ, ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ. ಆ ವಾರ ಹೋಗಲಿಲ್ಲ. ತಿಂಗಳಾದ ಮೇಲೆ, ಇಷ್ಟು ದಿನ ಬಿಟ್ಟು ಯಾವ ಮುಖ ಹೊತ್ತು ಹೋಗಲಿ ಅನ್ನಿಸಿತು. ವರ್ಷವಾದ ಮೇಲೆ ಅದನ್ನು ಯೋಚಿಸುವುದಕ್ಕೇ ಹೆದರುತ್ತಿದ್ದಳು. ಲೈನು ಮುಚ್ಚಿದ ಮೇಲಂತೂ ಒಳ್ಳೆಯ ನೆಪ ಸಿಕ್ಕಿತು. ಸೇತುವೆಯ ಹಲಗೆಗಳನ್ನೆಲ್ಲ ಕಿತ್ತುಕೊಂಡು ಹೋಗಿ ಬರೀ ಕಬ್ಬಿಣದ ತೊಲೆ ಉಳಿದಿತ್ತು, ರಸ್ತೆಯೋ ಗುಡ್ಡ ಸುತ್ತಿ ಎರಡು ಬಸ್ಸು ಬದಲಾಯಿಸಿ ಹೋಗಬೇಕು. "ದಾರಿ ಎಲ್ಲಿದೆ?" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಸಿಯೆರ್ರಾಳ ಗಂಡ ಬ್ಲಾಸ್ ಸತ್ತಾಗಲೂ ಅದನ್ನೇ ಹೇಳಿದಳು.

ಈಗ ಆ ಸೇತುವೆಗೂ ಹೊಸ ಹಲಗೆ ಹಾಸಿ, ಎರಡು ಕಡೆ ಕಂಬಿ ಕಟ್ಟಿ, ದಾರಿ ತೆರೆದಿದ್ದರು. ನೆಪ ತೀರಿತ್ತು.

ಸೈಕಲ್ ಕೈಗೆ ಬಂದ ಮೇಲೆ ಮೊದಮೊದಲು ಅಂಜೂರದ ಗೇಟಿನವರೆಗೆ ಹೋಗಿಬಂದಳು. ಮನೆಯ ಸೂರು ಹೋಗಿ ಒಳಗೆ ಮುಳ್ಳು ಬೆಳೆದಿತ್ತು, ಅವಳು ಅತ್ತ ನೋಡದೆ ಮುಂದೆ ಹೋದಳು. ಆಮೇಲೆ ಸುರಂಗದವರೆಗೆ. ದಾರಿಯುದ್ದಕ್ಕೂ ಅವಳದೊಂದು ಪೀಕಲಾಟ ಇತ್ತು ನೋಡಿ. ಹಿಂದಿನಿಂದ ಸೈಕಲ್ ಗಂಟೆ ಟ್ರಿಣ್ ಎಂದಿತೋ, ಇವಳು ಬ್ರೇಕು ಹಾಕಿ, ಇಳಿದು, ದಾರಿಯ ಅಂಚಿಗೆ ಸರಿದು, ನೆಟ್ಟಗೆ ನಿಂತು ಬಿಡುವಳು. ಅವರು ದಾಟಿ ಕಣ್ಮರೆಯಾಗುವ ತನಕ ಕದಲುತ್ತಿರಲಿಲ್ಲ. ಅಭ್ಯಾಸ, ಏನು ಮಾಡುವುದು? ಕೊರ್ದೊಬದ ಮಕ್ಕಳು ಇದೇನೋ ಮರ್ಯಾದೆ ಕೊಡುತ್ತಿದ್ದಾಳೆಂದು ಕೈಬೀಸುತ್ತಿದ್ದವು. ಭಾನುವಾರಗಳಲ್ಲಿ ಅವಳು ತುಳಿದದ್ದಕ್ಕಿಂತ ಇಳಿದು ನಿಂತದ್ದೇ ಹೆಚ್ಚು.

ಸುರಂಗ ದಾಟಿದ್ದು ಮೇ ತಿಂಗಳಲ್ಲಿ. ಹೊರಗೆ ಬಂದರೆ ಎದುರಿಗೆ ಸೇತುವೆ, ಅದರ ಆಚೆ ತುದಿಯಲ್ಲಿ ಸುಣ್ಣ ಬಳಿದ ಪುಟ್ಟ ಮನೆ. ರೈಲು ಕಂಪನಿಯವರು ಗೇಟಿನ ಮನೆಗಳನ್ನು ಮಾರಿದಾಗ ಬ್ಲಾಸ್ ಕೊಂಡಿದ್ದ. ಮನೆಯ ಮುಂದೆ ನೆರಳಲ್ಲಿ ಕುರ್ಚಿ, ಕುರ್ಚಿಯಲ್ಲಿ ಒಂದು ಕಪ್ಪು ಮೂಟೆ. ಅದು ತಂಗಿ ಎಂದು ಅರಾಸೆಲಿಗೆ ಗೊತ್ತಾಯಿತು. ಸೇತುವೆಯ ನಡುವಿನವರೆಗೆ ಬಂದಳು. ಕೆಳಗೆ ಹೊಳೆ, ಮೇಲೆ ರಣಹದ್ದುಗಳು. ಮನೆಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿದ್ದಳು, 'ಸಿಯೆರ್ರಾ, ಆ ದಿನ ಏನಾಯ್ತು ಗೊತ್ತಾ' ಎಂದು ಶುರು ಮಾಡಬೇಕು ಅಂತ. ಮುಂದಕ್ಕೆ ತುಳಿಯಲಾಗಲಿಲ್ಲ. ಸೈಕಲ್ ತಿರುಗಿಸಿಕೊಂಡು ಬಂದುಬಿಟ್ಟಳು.

ಮುಂದಿನ ವಾರವೂ ಹಾಗೆಯೇ. ಅದರ ಮುಂದಿನದೂ.

"ದಾಟಿದ್ರಾ ಅತ್ತೆ?" ಎಂದು ಅಮಾದೋರ್ ಪ್ರತಿ ಸಲ ಕೇಳುವನು.

"ಗಾಳಿ ಜಾಸ್ತಿ ಇತ್ತು ಕಣೋ."

"ಒಂದೆಲೆ ಅಲ್ಲಾಡ್ತಿಲ್ಲ ಇವತ್ತು!"

"ಸೇತುವೆ ಮೇಲೆ ಇತ್ತು ಅಂದೆ. ನೀನು ಬಂದು ನೋಡಿದ್ಯಾ?"

ಬೇಸಿಗೆ ನೆತ್ತಿ ಸುಡುವಂತಾದ ಒಂದು ಬೆಳಗ್ಗೆ, ಸೇತುವೆಯ ನಡುವೆ ನಿಂತು ತಿರುಗಿಸಬೇಕು ಎನ್ನುವಷ್ಟರಲ್ಲಿ ಆಚೆ ಕುರ್ಚಿ ಖಾಲಿ ಇರುವುದು ಕಂಡಿತು. ಒಂದೊಂದು ವಾರವೂ ಕಂಡಿದ್ದ ಮೂಟೆ ಇಲ್ಲ. ಅರಾಸೆಲಿಗೆ ತಂಗಿ ಹೋಗಿಬಿಟ್ಟಳೇನೋ ಅನ್ನಿಸಿತು. ಆಮೇಲೆ ಅವಳು ಹೇಗೆ ತುಳಿದಳೋ ಅವಳಿಗೇ ಗೊತ್ತಿಲ್ಲ. ಹಲಗೆಗಳು ದಡದಡ ಅಂದವು. ಮನೆ ಮುಂದೆ ಬಂದು ನಿಂತು, "ಸಿಯೆರ್ರಾ! ಸಿಯೆರ್ರಾ!" ಎಂದು ಕಿರುಚಿದಳು.

ತಂಗಿ ಬಾಗಿಲಲ್ಲಿ ಕಂಡಳು. ಕೈಯಲ್ಲಿ ಬಾದಾಮಿಯ ಬುಟ್ಟಿ. ಬಂದು ಕುರ್ಚಿಯಲ್ಲಿ ಕೂತಳು, ಒಂದು ಬಾದಾಮಿಯನ್ನು ಕಲ್ಲಿನ ಮೇಲಿಟ್ಟು ಒಡೆದಳು.

"ಕೂಗಬೇಡ. ಬದುಕಿದೀನಿ. ನೀರು ಆ ಹೂಜಿಯಲ್ಲಿದೆ, ಸೈಕಲ್‌ನೋರೆಲ್ಲ ಕುಡೀತಾರೆ. ಕುಡಿ."

"ನಾನು… ಅರಾಸೆಲಿ."

"ಕಣ್ಣು ಮಂಜಾಗಿದೆ, ಪೂರ್ತಿ ಹೋಗಿಲ್ಲ. ಬೇಸಿಗೆ ಶುರುವಾದಾಗಿಂದ ನೋಡ್ತಿದೀನಿ. ನಡುವೆ ತನಕ ಬರೋದು, ನಿಲ್ಲೋದು, ತಿರುಗಿ ಹೋಗೋದು. ಯಾವಳೋ ಹುಚ್ಚಿ ಅಂದ್ಕೊಂಡೆ. ಒಂದಿನ ಯಾರೋ ಗಂಟೆ ಹೊಡೆದ್ರು, ಇಳಿದು ಗೂಟದ ಥರ ನಿಂತ್ಳು. ಆಗ ಗೊತ್ತಾಯ್ತು ಯಾವ ಹುಚ್ಚಿ ಅಂತ."

ಅರಾಸೆಲಿ ಮೆಟ್ಟಿಲ ಮೇಲೆ ಕೂತಳು. ಬಾಯಿಪಾಠ ಮಾಡಿದ್ದೆಲ್ಲ ಹಿಂದುಮುಂದಾಗಿ ಬಂತು.

"ಆ ದಿನ ಟ್ಯಾಂಕಿನ ಸ್ಪೆಷಲ್ ಬರುತ್ತೆ ಅಂದ್ರು ಕಣೇ. ಅಮ್ಮನ ತಲೆ ಮುಟ್ಟಿದ್ದೆ. ಬದಲಿ ಆಳು ಕೇಳ್ದೆ, ದೇವರಾಣೆ—"

"ಗೊತ್ತು."

"ಬೂಟು ಹಾಕ್ಕೊಂಡು ನಿಂತಿದ್ದೆ. ಅದೊಂದು ದಾಟಿದ್ರೆ—"

"ಗೊತ್ತು ಅಂದ್ನಲ್ಲ. ನಾನೂ ಗೇಟಿನವಳೇ. ನನ್ನ ಗೇಟಾಗಿದ್ರೆ ನಾನೂ ಅಲ್ಲಾಡ್ತಿರಲಿಲ್ಲ. ಅಮ್ಮನ ಕಂಡೋಳು ಯಾರು ತಾನೆ ಅಲ್ಲಾಡ್ತಾಳೆ? ಆ ದಿನದ್ದು ನಾನು ಆ ವರ್ಷಾನೇ ಬಿಟ್ಟೆ."

ಅರಾಸೆಲಿ ತಲೆಯೆತ್ತಿದಳು. ಸಿಯೆರ್ರಾ ಕಲ್ಲು ಕೆಳಗಿಟ್ಟಳು.

"ಮಾರನೇ ದಿನ ಯಾವ ರೈಲಿತ್ತು, ಅಕ್ಕಾ?"

ಅರಾಸೆಲಿ ಜೀವಮಾನವಿಡೀ ತನ್ನ ಮನಸ್ಸಿನ ಕೋರ್ಟಿನಲ್ಲಿ ಆ ಒಂದು ಮಧ್ಯಾಹ್ನಕ್ಕೆ ವಾದ ಹೂಡುತ್ತ ಬಂದಿದ್ದಳು. ಮಾರನೆಯ ದಿನದ ಬಗ್ಗೆ ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ.

"ಮುಖ ತೋರಿಸಬೇಡ ಅಂದ್ಯಂತೆ ನೀನು," ಎಂದಳು.

"ಅಂದೆ. ಮಗನ್ನ ಸ್ಮಶಾನದ ಗೂಡಿಗೆ ಸೇರಿಸಿ ಬಂದೋಳು ಏನಂದಾಳು? ದೇವರಿಗೂ ಬೈದೆ. ಅವನೇನು ಊರು ಬಿಟ್ಟೋದ್ನಾ? ಬೈಸ್ಕೊಳ್ಳೋಕಾದ್ರೂ ನೀನು ಬರಬೇಕಿತ್ತು. ಮುಖದ ಮೇಲೆ ಬಾಗಿಲು ಹಾಕ್ತಿದ್ದೆ, ಹೊರಗೆ ಕೂತಿರಬೇಕಿತ್ತು. ಎರಡು ದಿನ ಬಿಟ್ಟು ತೆಗೀತಿದ್ದೆ. ನಾನು ಬೇರೆ ಯಾರ ಹತ್ರ ಅಳಲಿ? ಬ್ಲಾಸ್ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಆ ಹುಡುಗನ್ನ ನನ್ನಷ್ಟೇ ಬಲ್ಲೋಳು ನೀನೊಬ್ಳೇ ಇದ್ದೆ."

"ಲೈನು ಮುಚ್ಚಿದ ಮೇಲೆ ದಾರಿ—"

"ಬಸ್ಸಿತ್ತು. ನಿನಗೆ ಕಾಲಿತ್ತು. ಸರ್ಕಾರದೋರು ಬಂದು ದಾರಿ ಸಪಾಟು ಮಾಡಿ, ಹಲಗೆ ಹಾಸಿ, ಕಂಬಿ ಕಟ್ಟೋ ತನಕ ಕಾದ್ಯಲ್ಲೇ ಮಹಾತಾಯಿ! ಯಾರಾದ್ರೂ ಗೇಟು ತೆಗೆದ್ರೆ ತಾನೆ ನೀನು ದಾಟೋದು."

ಅರಾಸೆಲಿ ಅತ್ತಳು. ತಂಗಿ ಅಳಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಬಾದಾಮಿ ಒಡೆಯುತ್ತಲೇ ಇದ್ದಳು. ನಡುವೆ ನಾಲ್ಕು ಸೈಕಲ್ಲಿನವರು ಬಂದು ಹೂಜಿಯಿಂದ ನೀರು ಕುಡಿದು, ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಹೋದರು.

ಅವರು ದೂರವಾದ ಮೇಲೆ ಸಿಯೆರ್ರಾ ತಾನಾಗಿಯೇ ಹೇಳತೊಡಗಿದಳು. ಲಾ ನಾವಾದ ಸ್ಮಶಾನದಲ್ಲಿ ಸತ್ತವರನ್ನು ಗೋಡೆಯ ಗೂಡುಗಳಲ್ಲಿಟ್ಟು ಇಟ್ಟಿಗೆ ಕಟ್ಟುತ್ತಾರೆ. ಅವರ ಮನೆಗೆ ಇರುವುದು ಒಂದೇ ಗೂಡು. ಹೊಸಬರು ಬಂದಾಗ ಹಳಬರ ಮೂಳೆಗಳನ್ನು ತೆಗೆದು, ಗಂಟು ಕಟ್ಟಿ, ಹೊಸಬರ ಕಾಲ ಬಳಿ ಇಡಬೇಕು.

"ಬ್ಲಾಸ್‌ನ ಇಡೋಕೆ ಒಡೆದಾಗ ಗಾರೆಯವನು ಸಲಿಕೆ ತಂದ. ಸಲಿಕೇಲಿ ಬಾಚ್ತಾರಂತೆ! ಕಿತ್ಕೊಂಡೆ. ಕೈಯಾರೆ ತೆಗೆದು ದಿಂಬಿನ ಚೀಲಕ್ಕೆ ತುಂಬಿದೆ. ಬ್ಲಾಸ್‌ನ ಕಡೆಯೋರೆಲ್ಲ ಅತ್ತ ತಿರುಗಿ ಸಿಗರೇಟು ಸೇದ್ತಿದ್ರು. ಆವತ್ತೂ ಸೇತುವೆ ಕಡೆ ನೋಡ್ದೆ ನಾನು. ನೀನು ಬರಲಿಲ್ಲ."

"ಸಿಯೆರ್ರಾ, ಸಾಕು ಕಣೇ."

"ಸಾಕಾಗಲ್ಲ. ಕೇಳು. ನಂದು ಬಂದಾಗ ಮತ್ತೆ ಒಡೀತಾರೆ. ಆಗ ಸಲಿಕೆ ಕಿತ್ಕೊಳ್ಳೋಕೆ ನಾನಿರಲ್ಲ. ಬ್ಲಾಸ್‌ನ ಹೆಂಗಾದ್ರೂ ತೆಗೀಲಿ, ದೊಡ್ಡೋನು, ತಡ್ಕೋತಾನೆ. ಹುಡುಗನ್ನ ಮಾತ್ರ ಕೈಯಲ್ಲೇ ತೆಗೀಬೇಕು. ಬರ್ತೀಯಾ?"

"ಬರ್ತೀನಿ."

"ಸುಮ್ನೆ ಹೇಳಬೇಡ."

"ಬರ್ತೀನಿ ಅಂದ್ನಲ್ಲ!"

ಕ್ಷಮಿಸಿದ್ದೇನೆ ಎಂದು ಸಿಯೆರ್ರಾ ಆವತ್ತೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಆದರೆ ಹೊರಡುವಾಗ ಒಡೆದ ಬಾದಾಮಿಯನ್ನೆಲ್ಲ ಕಾಗದದಲ್ಲಿ ಕಟ್ಟಿ ಸೈಕಲ್ಲಿನ ಬುಟ್ಟಿಗೆ ಹಾಕಿ, "ಮುಂದಿನ ವಾರ ಎಣ್ಣೆ ತಗೊಂಡು ಬಾ, ನಿಮ್ಮೂರ ಗಾಣದ್ದು. ಇಲ್ಲಿಯದು ಕಹಿ" ಎಂದಳು. ಆ ಬೇಸಿಗೆ, ಆಮೇಲಿನ ಶರತ್ಕಾಲ, ಅರಾಸೆಲಿ ಪ್ರತಿ ವಾರ ಹೋದಳು. ಇಬ್ಬರೂ ಕೂತು ಬೆಳ್ಳುಳ್ಳಿ ಸುಲಿಯುವರು, ಸೈಕಲ್ಲಿನವರ ಚಡ್ಡಿ ನೋಡಿ ನಗುವರು, ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳವಾಡುವರು. ಹುಡುಗನ ಮಾತು ಬಂದರೆ ಮಾತ್ರ ಜಗಳ ನಿಲ್ಲುತ್ತಿತ್ತು. ಪೊರಕೆ ಹಿಡಿದು ನಿಲ್ಲುತ್ತಿದ್ದದ್ದನ್ನು ಅರಾಸೆಲಿ ಹೇಳಿದಾಗ ಸಿಯೆರ್ರಾ, "ನಂಗದು ಗೊತ್ತೇ ಇರಲಿಲ್ಲ ನೋಡು" ಎಂದು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಪ್ರತಿ ವಾರ ಅದನ್ನೇ ಕೇಳಿದಳು. ನಲವತ್ತು ವರ್ಷ ಇದನ್ನು ನನ್ನೊಬ್ಬಳಲ್ಲೇ ಇಟ್ಟುಕೊಂಡು ಕೂತಿದ್ದೆನಲ್ಲ ಎಂದು ಅರಾಸೆಲಿ ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಫೆಬ್ರವರಿಯಲ್ಲಿ, ಆಲಿವ್ ಕೊಯ್ಲು ಮುಗಿಯುವ ಹೊತ್ತಿಗೆ, ಸಿಯೆರ್ರಾ ಹೋದಳು. ಒಲೆಯ ಮುಂದೆ ಕೂತಲ್ಲೇ ಎದೆ ನಿಂತಿತ್ತು. ಬ್ಲಾಸನ ತ‌ಮ್ಮನ ಮಗ ಫೋನು ಮಾಡಿ, ನಾಳೆ ಬೆಳಗ್ಗೆ ಮಣ್ಣು ಎಂದ. ಮೂರು ದಿನದಿಂದ ಬಿಡದ ಮಳೆ. ಬೆಳಗ್ಗೆ ನೋಡಿದರೆ ಹೊಳೆ ಉಕ್ಕಿ ಕೆಳಗಿನ ರಸ್ತೆ ಮುಳುಗಿತ್ತು. ಅಮಾದೋರ್ ತನ್ನ ವ್ಯಾನು ತಂದವನು ಹಣೆ ಚಚ್ಚಿಕೊಂಡ.

"ಲೈನು ಎತ್ತರದಲ್ಲಿದೆ," ಎಂದಳು ಅರಾಸೆಲಿ. ಇಸ್ತ್ರಿ ಮಾಡಿದ ದಿಂಬಿನ ಚೀಲವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಸೈಕಲ್ ಹತ್ತಿದಳು. ಅಮಾದೋರ್ ಬಾಯಿಗೆ ಬಂದ ಹಾಗೆ ಬೈಯುತ್ತ ಇನ್ನೊಂದು ಸೈಕಲ್ ಹತ್ತಿ ಹಿಂದೆ ಬಂದ.

ಸುರಂಗದ ಬಾಯಲ್ಲಿ ದರೆ ಸ್ವಲ್ಪ ಕುಸಿದಿತ್ತು. ದಾರಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟಿ ಕಟ್ಟಿ, ರೇನ್‌ಕೋಟು ತೊಟ್ಟ ಕಾವಲುಗಾರನೊಬ್ಬ ನಿಂತಿದ್ದ.

"ಮುಚ್ಚಿದೆ ಅಮ್ಮ. ಮೇಲಿಂದ ಹೇಳಿಕಳಿಸೋ ತನಕ ಯಾರನ್ನೂ ಬಿಡಂಗಿಲ್ಲ."

ಅರಾಸೆಲಿ ಆ ಪಟ್ಟಿಯನ್ನೇ ನೋಡಿದಳು. ಅಮಾದೋರ್ ಹೇಳುತ್ತಾನೆ, ಅವಳು ನಿಂತ ರೀತಿ ನೋಡಿ ಇನ್ನು ಇವಳು ಕದಲುವುದಿಲ್ಲ ಎಂದೇ ಅವನು ಅಂದುಕೊಂಡನಂತೆ. ಅವಳು ಕಾವಲುಗಾರನಿಗೆ, "ಹೇಳಿಕಳಿಸಲ್ಲ ಕಣಪ್ಪ ಅವರು. ನಂಗೊತ್ತು" ಎಂದಳು. ಸೈಕಲ್ ಅಲ್ಲೇ ಬಿಟ್ಟು, ಬಗ್ಗಿ, ಪಟ್ಟಿಯ ಕೆಳಗೆ ನುಸುಳಿ, ಆ ಮಂಡಿಯಲ್ಲೇ ಕೆಸರು ತುಳಿಯುತ್ತ ಸುರಂಗದೊಳಗೆ ನಡೆದಳು. ಅವನು ಕೂಗಿದ್ದಕ್ಕೆ ತಿರುಗಿ ನೋಡಲಿಲ್ಲ. ಅಮಾದೋರ್ ಅವಳ ತೋಳು ಹಿಡಿದು ಸೇತುವೆ ದಾಟಿಸಿದ.

ಸ್ಮಶಾನ ಮುಟ್ಟಿದಾಗ ಗೂಡಿನ ಇಟ್ಟಿಗೆ ಒಡೆದಾಗಿತ್ತು. ಪೆಟ್ಟಿಗೆಯನ್ನು ಕೊಡೆಗಳ ಕೆಳಗೆ ಇಳಿಸಿದ್ದರು. ಬ್ಲಾಸನ ಮೂಳೆಗಳನ್ನು ಆಗಲೇ ಒಂದು ಚೀಲಕ್ಕೆ ತುಂಬಿದ್ದ ಗಾರೆಯವನು ಗೂಡಿನ ಮೂಲೆಗೆ ಸಲಿಕೆ ಚಾಚುತ್ತಿದ್ದ.

"ತೆಗಿ ಅದನ್ನ," ಎಂದಳು ಅರಾಸೆಲಿ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಾರೆಯವನು ಹಿಂದೆ ಸರಿದ.

ಒಳಗಿದ್ದ ಹಳೆಯ ದಿಂಬಿನ ಚೀಲ ಮುಟ್ಟಿದರೆ ಪುಡಿಯಾಗುವಂತಿತ್ತು. ಅವಳು ಕೆಸರು ಕೈಗಳನ್ನು ಲಂಗಕ್ಕೆ ಒರೆಸಿಕೊಂಡು, ತೋಳು ಚಾಚಿ, ಒಂದೊಂದಾಗಿ ತೆಗೆದು ತಾನು ತಂದಿದ್ದ ಚೀಲಕ್ಕೆ ತುಂಬಿದಳು. ಮೊದಲು ತಲೆ. ಎರಡು ಕೈಯಲ್ಲೂ ಹಿಡಿದು, ಸ್ವಲ್ಪ ಹೊತ್ತು ತನ್ನ ಎದೆಗೆ ಒತ್ತಿಕೊಂಡಳು. "ಬಂದೆ ಕಣೋ. ದೊಡ್ಡಮ್ಮ ಬಂದೆ," ಎಂದಳು. ಆಮೇಲೆ ತೋಳು, ಕಾಲು, ಪಕ್ಕೆಲುಬು. ಎಲ್ಲ ಎಷ್ಟು ಸಣ್ಣವು! ಜನ ತಲೆ ತಗ್ಗಿಸಿ ನಿಂತಿದ್ದರು, ಮಳೆ ಸುರಿಯುತ್ತಿತ್ತು. ದೊಡ್ಡವೆಲ್ಲ ಆದ ಮೇಲೆ ಅವಳು ಗೂಡಿನ ತಳದ ಧೂಳಿನಲ್ಲಿ ಬೆರಳಾಡಿಸಿ ಸಣ್ಣ ಸಣ್ಣ ಬೆರಳ ಮೂಳೆಗಳನ್ನು ಹುಡುಕತೊಡಗಿದಳು.

ಬ್ಲಾಸನ ತಮ್ಮನ ಮಗ ಮೆಲ್ಲಗೆ ಹತ್ತಿರ ಬಂದು, "ಸಾಕು ದೊಡ್ಡಮ್ಮ, ಪಾದ್ರಿಗಳು ಕಾಯ್ತಿದಾರೆ. ಎಲ್ರೂ ಕಾಯ್ತಿದಾರೆ" ಎಂದ.

"ಕಾಯ್ಲಿ ಬಿಡು," ಎಂದಳು ಅರಾಸೆಲಿ. ಎಡಗೈಯ ಬೆರಳುಗಳು ಇನ್ನೂ ಸಿಕ್ಕಿರಲಿಲ್ಲ, ಅವಳು ಹುಡುಕುತ್ತಲೇ ಇದ್ದಳು.